ಬೀಡಿ ಎಲೆಗೆ ವೀರರ ಅಳತೆ

“ತಗೀರಿ ಇದನ್ನ,” ಎಂದು ನೂರ್ಜಹಾನ್ ತೀರಿಹೋದ ತಾಯಿಯ ಜನಾಜೆಯ ಮೇಲೆ ಹೊದಿಸಿದ್ದ ಸರ್ಕಾರದ ಬಾವುಟವನ್ನು ಎಳೆದು ವೆಂಕಟರಾಯಪ್ಪನ ಕೈಗೆ ತುರುಕಿದಳು.

ನಲವತ್ತೆರಡನೆಯ ಇಸವಿ. ಮುಳಬಾಗಿಲಿನಲ್ಲಿ ಬ್ರಿಟಿಷರ ದಂಡಿಗೆ ಹುಡುಗರನ್ನು ಸೇರಿಸುವ ಏಜೆಂಟ ಆತ. ನಾಳಿನ ಲಾರಿಗೆ ಅವಳ ತಮ್ಮ ಲತೀಫನ ಹೆಸರು ಬರೆದುಕೊಂಡಿದ್ದ.

“ನಿಮ್ಮಮ್ಮನ ಅಣ್ಣ ಹಿಂದಿನ ಯುದ್ಧದಲ್ಲಿ ಬಸ್ರಾದಾಗೆ ಸತ್ತ ಸಿಪಾಯಿ ಕಣಮ್ಮಾ. ಮರ್ಯಾದೆ ಮಾಡ್ತಿದೀನಿ.”

“ಮಾಮೂಗೆ ಮಣ್ಣು ಹಾಕೋಕೂ ನಮ್ಮನ್ನ ಕರೀಲಿಲ್ಲ. ಈಗೆಂಥಾ ಮರ್ಯಾದೆ?”

ತಾಯಿಯ ಜೊತೆಯಲ್ಲಿ ಬೀಡಿ ಕಟ್ಟುತ್ತಿದ್ದ ಪಕ್ಕದ ಮನೆಯ ಮುನಿಯಲ್ಲಮ್ಮ ಮೂಗು ಒರೆಸಿಕೊಂಡಳು. “ಮೆಹರಕ್ಕ ಬದುಕಿದ್ದಿದ್ರೆ ಆ ಬಾವುಟಾನ ನೀರಲ್ಲಿ ನೆನೆಸಿ ಬೀಡಿ ಎಲೆ ಸುತ್ತಿಡ್ತಿದ್ಲು.”

ಅಳುತ್ತಿದ್ದ ಹೆಂಗಸರಲ್ಲಿ ಯಾರೋ ನಕ್ಕರು.

*

ಎಲೆ ಕತ್ತರಿಸಲು ಕಾರ್ಖಾನೆಯವರು ತಗಡಿನ ಅಳತೆ ಕೊಟ್ಟಿದ್ದರು. ಬದುಕಿದ್ದಷ್ಟು ದಿನ ಮೆಹರ್ ಬಾನು ಅದನ್ನು ಮುಟ್ಟಲಿಲ್ಲ. ಸಣ್ಣವನಿದ್ದಾಗ ಲತೀಫ್ ಸಿಗರೇಟ್ ಪ್ಯಾಕುಗಳಿಂದ ಆಯ್ದು ಕೂಡಿಟ್ಟ ರಟ್ಟಿನ ಚಿತ್ರಗಳೇ ಅವಳ ಅಳತೆ. ಒಂದೊಂದರಲ್ಲೂ ಪದಕ ತೊಟ್ಟ ಒಬ್ಬೊಬ್ಬ ಯುದ್ಧವೀರ. ಎಲೆಯ ಮೇಲಿಟ್ಟು ಕತ್ತರಿ ಆಡಿಸಿದಂತೆಲ್ಲ ರಟ್ಟಿನ ಅಂಚೂ ಸವೆದು ಮೊದಲು ವೀರನ ಕೋವಿ ಹೋಗುತ್ತಿತ್ತು, ಆಮೇಲೆ ತೋಳು. ಬೀಡಿ ಗಿಡ್ಡವಾಯಿತೆಂದು ಮೇಸ್ತ್ರಿ ಬೈದ ದಿನ ಮಗನ ಹತ್ತಿರ ಇನ್ನೊಬ್ಬ ವೀರನನ್ನು ಕೇಳುತ್ತಿದ್ದಳು.

“ಅಮ್ಮೀ, ಇವನು ಎಂಥಾ ಬಹಾದ್ದೂರ್ ಗೊತ್ತಾ?”

“ನನ್ನಣ್ಣಂಗೂ ಇಂಥದ್ದೇ ತೋರ್ಸಿ ಕರ್ಕೊಂಡು ಹೋದ್ರು ಕಣೋ. ಚಿತ್ರ ಮನೇಲಿ ಉಳೀತು.”

*

ಜನಾಜಾ ಎತ್ತಲು ಗಂಡಸರು ಸೇರಿದರು. ವೆಂಕಟರಾಯಪ್ಪ ಲತೀಫನನ್ನು ಜಗಲಿಯ ಮೂಲೆಗೆ ಕರೆದು ಜೇಬಿನಿಂದ ಚಿತ್ರವೊಂದನ್ನು ತೆಗೆದ.

“ಇದು ನಿನ್ ಹತ್ರ ಇಲ್ಲ, ಇಟ್ಕೋ. ಬೆಳಗ್ಗೆ ಲಾರಿ ಹತ್ರ ಬಂದ್ಬಿಡು. ಅಡ್ಡ ಬರೋಕೆ ಅಮ್ಮನೂ ಇಲ್ವಲ್ಲಪ್ಪಾ.”

ಲತೀಫ್ ಚಿತ್ರ ನೋಡಿದ. ಅದರಲ್ಲಿದ್ದ ಸಿಪಾಯಿಯದು ಮೀಸೆ ಸರಿಯಾಗಿ ಮೂಡಿರದ ಮುಖ. ತಾಯಿ ಬೀಡಿ ಕಟ್ಟುತ್ತಿದ್ದ ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಕತ್ತರಿ ಎತ್ತಿಕೊಂಡ. ಟೋಪಿ ಬಿತ್ತು. ಭುಜ ಬಿತ್ತು. ಪದಕಗಳ ಎದೆ ಒಣಗಿದ ಎಲೆಚೂರುಗಳ ನಡುವೆ ಬಿತ್ತು. ಉಳಿದ ಮುಖವನ್ನು ಏಜೆಂಟನ ಅಂಗೈಯಲ್ಲಿಟ್ಟ.

“ಇವನನ್ನ ಇವನಮ್ಮನ ಹತ್ರ ತಲುಪ್ಸಿ. ಲಾರೀಲಿ ನನ್ ಜಾಗಕ್ಕೆ ನೀವೇ ಕೂತ್ಕೊಳ್ಳಿ.”

“ಲೇ, ಹೆಸರು ಬರ್ಸಿದೀಯ.”

“ಹೆಸರನ್ನೇ ಕರ್ಕೊಂಡು ಹೋಗಿ.”

ಲತೀಫ್ ತಾಯಿಗೆ ಹೆಗಲು ಕೊಟ್ಟ. ಜನಾಜಾ ವೆಂಕಟರಾಯಪ್ಪನ ಮುಂದೆಯೇ ಹಾದುಹೋಯಿತು. ಅವನ ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ಹುಡುಗನೊಬ್ಬನ ಮುಖ. ಶವಕ್ಕೆ ಕೈ ಮುಗಿಯೋಣವೆಂದರೆ ಎರಡೂ ಖಾಲಿಯಿರಲಿಲ್ಲ.