ಕುದುರೆ ಬಾಲದ ಕೂದಲು

ಗಡ್ಡೆ ಆಗಿದೆ ಎಂದು ಸಿಂದಗಿಯ ನನ್ನ ದವಾಖಾನೆಗೆ ಬಂದ ಗುರವ್ವ, ಅದನ್ನು ತೋರಿಸಲು ಅರ್ಧ ತಾಸು ಸತಾಯಿಸಿದಳು. ದೇವರ ಹಿಪ್ಪರಗಿಯವಳು, ಐವತ್ತು ದಾಟಿದವಳು. ಗಂಡ ಶ್ರೀಶೈಲಪ್ಪನನ್ನು ಹೊರಗೆ ಕೂರಿಸಿ, ಸೆರಗು ಬಾಯಿಗೊತ್ತಿಕೊಂಡು ಗೋಡೆ ನೋಡುತ್ತ ಮಲಗಿದಳು. ನನಗೆ ತಾಳ್ಮೆ ಕಡಿಮೆ, ಹೊರಗೆ ಮೂವತ್ತು ಮಂದಿ ಕಾಯುತ್ತಿದ್ದರು. ಆದರೆ ನೋಡಿದ ಮೇಲೆ ದೀಪವನ್ನು ಹತ್ತಿರ ಎಳೆದುಕೊಂಡೆ.

ಯೋನಿಯ ಹೊರತುಟಿಯಿಂದ ಒಂದು ಮಾಂಸದ ಮುದ್ದೆ ಸಣ್ಣ ತೊಟ್ಟಿನಲ್ಲಿ ಅಂಜೂರದಂತೆ ಜೋತುಬಿದ್ದಿತ್ತು. ಅದರ ಮೈಯೆಲ್ಲ ಕಪ್ಪಾಗಿ ಕೀವು ಒಸರುತ್ತಿತ್ತು.

"ಎಷ್ಟ ದಿನಾ ಆತ್ರಿ?"

"ಆರ ವರ್ಷ ಆತ್ರಿ ಡಾಕ್ಟರ್ ಬಾಯಾರ. ಮೆತ್ತಗಿತ್ತು, ನೋವಿರಲಿಲ್ಲ. ಕರ್ರಗ ಆಗಿದ್ದು ಈ ವಾರದಾಗ. ಕ್ಯಾನ್ಸರ್ ಏನ್ರಿ?"

ಮನಸ್ಸಿನಲ್ಲಿ ಆಗಲೇ ವಿಜಯಪುರದ ದೊಡ್ಡ ದವಾಖಾನೆಗೆ ಚೀಟಿ ಬರೆಯುತ್ತಿದ್ದೆ. ಆರು ವರ್ಷ ಸುಮ್ಮನಿದ್ದದ್ದು ಒಂದು ವಾರದಲ್ಲಿ ಕಪ್ಪಾಗುವುದೇಕೆ ಎಂಬುದು ಮಾತ್ರ ತಲೆ ಕೊರೆಯುತ್ತಿತ್ತು. ಹತ್ತಿಯಿಂದ ಒರೆಸುವಾಗ ತೊಟ್ಟಿನ ಬುಡದಲ್ಲಿ ಬಿಗಿದುಕೊಂಡ ಎಳೆಯೊಂದು ಚಿಮಟಕ್ಕೆ ಸಿಕ್ಕಿತು.

"ಇದೇನ ಕಟ್ಟೀರಿ?"

"ಕುದುರಿ ಬಾಲದ ಕೂದಲರಿ. ನರೂಲಿಗೆ ಕಟ್ಟಿದ್ರ ತಾನಾ ಉದುರತೈತಿ ಅಂತಾರಲ್ರಿ."

"ಆ ಜಾಗ ನಿಮ್ಮ ಕಣ್ಣಿಗೆ ಕಾಣಂಗಿಲ್ಲ. ಯಾರ ಕಟ್ಟಿದ್ರು?"

ಆಕೆ ಮುಖ ಮುಚ್ಚಿಕೊಂಡು ಬಾಗಿಲ ಕಡೆ ಕೈ ತೋರಿಸಿದಳು. "ಅವ್ರರಿ. ಕಣ್ಣಿಗೆ ಚಾಳೀಸ ಹಾಕ್ಕೊಂಡು ಕಟ್ಟಿದ್ರು. ಕರ್ರಗ ಆದಾಗಿಂದ ಅವ್ರು ಸರಿಯಾಗಿ ಉಂಡಿಲ್ರಿ. ನಾನಾ ನಿನ್ನ ಕೊಂದೆ ಅಂತಾರ."

ಬೈಯಬೇಕೆಂದಿದ್ದವಳು ಚಿಮಟ ಕೆಳಗಿಟ್ಟೆ. ನಿಜ ಹೇಳುತ್ತೇನೆ, ಅವಳಿಗಾಗಿ ಊಟ ಬಿಟ್ಟವನೊಬ್ಬ ಇದ್ದಾನಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಕೂದಲು ಬಿಗಿದು ರಕ್ತ ನಿಂತಿತ್ತು, ಅದಕ್ಕೇ ಮಾಂಸ ಸತ್ತು ಕಪ್ಪಾಗಿರಬೇಕು ಎನಿಸಿತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮುದ್ದೆ ತೆಗೆದು ತಪಾಸಣೆಗೆ ಕಳಿಸಿದೆ. ವರದಿ ಬರುವವರೆಗೆ ಏನೂ ಖಾತ್ರಿ ಹೇಳುವುದಿಲ್ಲ ಎಂದೆ. ಹತ್ತು ದಿನಕ್ಕೆ ವರದಿ ಬಂತು. ಇಷ್ಟು ದೊಡ್ಡದು ಅಪರೂಪವಾದರೂ ಅದು ಸಾದಾ ದುರ್ಮಾಂಸ, ಕ್ಯಾನ್ಸರ್ ಅಲ್ಲ.

ಗಂಡ ಹೆಂಡತಿ ಇಬ್ಬರೂ ಎದುರಿಗೆ ಕೂತಿದ್ದರು. ಅಷ್ಟು ಹೇಳಿದರೂ ಶ್ರೀಶೈಲಪ್ಪನಿಗೆ ನಂಬಿಕೆ ಬರಲಿಲ್ಲ.

"ಹಂಗಾದ್ರ ಕರ್ರಗ ಯಾಕಾತ್ರಿ?"

"ನೀವು ಕೂದಲಾ ಕಟ್ಟಿದ್ದಕ್ಕ. ನಿಮ್ಮದಾ ತಪ್ಪು."

"ಬರೇ ನನ್ನ ತಪ್ಪೇನ್ರಿ? ಬ್ಯಾರೆ ಏನೂ ಇಲ್ಲಲ್ರಿ?"

"ಬ್ಯಾರೆ ಏನೂ ಇಲ್ಲ."

ಆತ ಚಾಳೀಸು ತೆಗೆದು ಕಣ್ಣೊರೆಸಿಕೊಂಡ. ಆಮೇಲೆ ಹೆಂಡತಿಯ ಕಡೆ ತಿರುಗಿ, ಹಿಗ್ಗು ತಡೆಯಲಾಗದೆ, "ಕೇಳಿದೇನ, ನಂದಾ ತಪ್ಪಂತ," ಎಂದ.