ಮೇಷ್ಟ್ರು ಲಾಗಿನ್ ಆಗಿದ್ದಾರೆ

ಪರದೆಯ ಮೇಲೆ, ಈಗ ಒಳಗಿರುವವರ ಪಟ್ಟಿಯಲ್ಲಿ, ಎರಡು ಹೆಸರು, ಒಂದು ತನ್ನದು, ಇನ್ನೊಂದು— ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿ ಮತ್ತೆ ಹಾಕಿಕೊಂಡಳು, ಇದೆ, ಮೇಷ್ಟ್ರ ಹೆಸರೇ, ಹೋದ ತಿಂಗಳು ತೀರಿಕೊಂಡವರು ನೀರು ಸರಬರಾಜಿನ ಸರ್ವರ್‌ನಲ್ಲಿ ಈಗ, ಈ ಮಟಮಟ ಮಧ್ಯಾಹ್ನ, ಕೂತಿದ್ದಾರೆ, ಗೋಡೆಯಾಚೆ ಪಂಪುಗಳ ಗುಂಯ್ ಸದ್ದು, ಆಫೀಸಿನವರಿಗೆಲ್ಲ ಅವರು ಮೇಷ್ಟ್ರು, ಅವಳಿಗಂತೂ ನಿಜವಾಗಿಯೂ, ಇಲ್ಲಿ ಕೂತು ದೂರದ ಯಂತ್ರದೊಳಗೆ ಹೋಗುವುದನ್ನು ಕಲಿಸಿದ್ದೇ ಅವರು, ನೋಡಮ್ಮಾ, ಕೀಲಿಗೆ ಎರಡು ಪಾಲು, ಒಂದನ್ನ ಸರ್ವರ್‌ಗೆ ಕೊಡು, ಇನ್ನೊಂದನ್ನ ಹೆತ್ತವರಿಗೂ ತೋರಿಸ್ಬೇಡ, ಆಮೇಲೆ ನೀವಿಬ್ರು ಆಡೋ ಮಾತು ದಾರೀಲಿ ಕದ್ದು ಕೇಳಿದವನಿಗೆ ಬರೀ ಕಲಸುಮೇಲೋಗರ— ಹೇಳಿ ತಾವೇ ನಗುತ್ತಿದ್ದರು, ಕೆಮ್ಮು ಬರುವ ತನಕ, ಆ ಕೆಮ್ಮು, ಸಾಹೇಬರು ಬೆಳಿಗ್ಗೆ ಅಂದದ್ದು, ಅವರ ಕೀಲಿ ಇನ್ನೂ ಇದ್ಯಲ್ಲ, ಇವತ್ತೇ ತೆಗೆದುಬಿಡಿ, ಸತ್ತವರು ಬಂದು ಪಂಪ್ ನಿಲ್ಸಿದ್ರೆ ಊರಿಗೇ ನೀರಿಲ್ಲ, ಯಾರೂ ನಗಲಿಲ್ಲ, ತೆಗೆಯಲೆಂದೇ ಅವಳು ಒಳಗೆ ಬಂದದ್ದು, ಎಲ್ಲಿಂದ ಬಂದಿದ್ದಾರೆಂದು ನೋಡಿದಳು, ಅವರ ಮನೆಯ ಕಂಪ್ಯೂಟರ್, ಆ ಕೋಣೆ ಗೊತ್ತು, ಗೋಡೆಗೊತ್ತಿದ ಮೇಜು, ಸವೆದ ದಿಂಬಿಟ್ಟ ಕುರ್ಚಿ, ಯಾರೋ ಕಳ್ಳ ಇರಬೇಕು, ಕಳ್ಳನೇ ಆಗಿರಲಿ ದೇವರೇ, ಫೋನು ಹಚ್ಚಿದಳು.

ಎತ್ತಿದ್ದು ಅವರ ಹೆಂಡತಿ, ಅಕ್ಕ, ಪಿಸುದನಿ, ಪಕ್ಕದಲ್ಲಿ ಯಾರೋ ಮಲಗಿರುವಂತೆ, ಅವರ ಕಂಪ್ಯೂಟರ್ ಮುಂದೆ ಯಾರಿದ್ದಾರೆ ಅಕ್ಕಾ, ನಾನೇಮ್ಮಾ, ಅವರು ದಿನಾ ಒತ್ತುತ್ತಿದ್ದ ಚಿತ್ರಾನೇ ಒತ್ತಿದೆ, ಕಪ್ಪು ಕಿಟಕಿ ಬಂತು, ಅವರ ಹೆಸರೂ ಬಂತು, ಊಟ ಆಯ್ತಾ ಅಂತ ಬರೆದೆ, ತಪ್ಪಾಯ್ತಾ, ಇಲ್ಲ ಅಕ್ಕಾ, ಏನೋ ಇಂಗ್ಲಿಷಲ್ಲಿ ಉತ್ತರ ಬಂದಿದೆ ಕಣಮ್ಮಾ, ಏನಂತಾರೆ— ಏನಂತಾರೆ, ಅವಳಿಗೆ ಗೊತ್ತು, ಅರ್ಥವಾಗದ್ದಕ್ಕೆಲ್ಲ ಯಂತ್ರ ಕೊಡುವುದು ಒಂದೇ ಉತ್ತರ, ಅಂಥದ್ದು ಇಲ್ಲಿ ಸಿಗಲಿಲ್ಲ ಅಂತ, ಅದು ಯಂತ್ರದ ಮಾತು ಅಕ್ಕಾ, ಅವರದ್ದಲ್ಲ, ಆ ತುದಿಯಲ್ಲಿ ಕುರ್ಚಿ ಕಿರುಗುಟ್ಟಿತು, ಗೊತ್ತಮ್ಮಾ, ಗೊತ್ತಿಲ್ದೇ ಏನು, ಆದ್ರೂ ಕೇಳಿದ್ದಕ್ಕೆ ಏನೋ ಒಂದು ಹೇಳ್ತಲ್ಲ. ಕೀಲಿ ಅಳಿಸಿದಳು, ಒಂದೇ ಸಾಲು, ಹೆಸರು ಹೋಗಲಿಲ್ಲ, ಹೋಗುವುದೂ ಇಲ್ಲ, ಆಗಲೇ ಒಳಗಿರುವವರನ್ನು ಕೀಲಿ ಕಿತ್ತುಕೊಂಡು ಹೊರಗೆ ಕಳಿಸಲಾಗದು, ಅದಕ್ಕೆ ಬೇರೆ ಆಜ್ಞೆ, ಕೊಲ್ಲು ಎಂದೇ ಅದರ ಹೆಸರು, ಬರೆದಳು, ಎಂಟರ್ ಮೇಲೆ ಬೆರಳು, ಬಿಟ್ಟುಬಿಡಲೇ, ಇವತ್ತೊಂದು ದಿನ, ಅಕ್ಕ ಇನ್ನೇನೋ ಒತ್ತಿಬಿಟ್ಟರೆ, ಪಂಪು, ಊರು, ಅಕ್ಕಾ, ಇದನ್ನ ಮುಚ್ಚಬೇಕು, ಇನ್ಮೇಲೆ ತೆರೆಯಲ್ಲ, ನನ್ನ ಕೈಲಾಗಲ್ಲ, ನೀನೇ ಮಾಡಮ್ಮಾ, ಮಾಡಿದಳು, ಮೇಷ್ಟ್ರು ಹೋದರು, ಅಳುವವರಂತೆ ಬಾಯಿ ಮುಚ್ಚಿಕೊಂಡಳು, ಅಳು ಬರಲಿಲ್ಲ, ಅಕ್ಕಾ, ಇದ್ದೀರಾ, ಆ ತುದಿಯಿಂದ ಬರೀ ಒಂದು ಸದ್ದು, ಟಕ್, ಅಕ್ಷರ ಹುಡುಕಿ ಹುಡುಕಿ ಒತ್ತುವ ಬೆರಳು, ಅಕ್ಕಾ, ಈಗ ಅದು ಎಲ್ಲಿಗೂ ಹೋಗಲ್ಲ, ಟಕ್, ಸತ್ತ ಕಿಟಕಿಯ ಮೇಲೆ ಬಗ್ಗಿದ ನರೆತಲೆ, ಒಂದು ಬೆರಳು, ಅಕ್ಕಾ, ಟಕ್, ಒಂದು ಬೆರಳು, ಟಕ್