ಬುಡ ಯಾವುದು, ತುದಿ ಯಾವುದು

ಧಾರಿಣಿಗೆ ಬೇಕಾಗಿದ್ದದ್ದು ಕೂದಲು. ಅಂತಿಂಥ ಕೂದಲಲ್ಲ, ಮೆಹಂದಿ, ಬಣ್ಣ, ಇಸ್ತ್ರಿ ಯಾವುದೂ ಸೋಕದ ಉದ್ದನೆಯ ಕೂದಲು. ಅವಳ ಪಿಎಚ್‌ಡಿಯ ಕೊನೆಯ ಪ್ರಯೋಗ ಅದರ ಮೇಲೆ ನಿಂತಿತ್ತು. 2006ರ ದಿಲ್ಲಿಯಲ್ಲಿ ಅಂಥ ತಲೆ ಹುಡುಕಿ ಹುಡುಕಿ ಅವಳ ತಲೆಯೇ ಕೆಟ್ಟುಹೋಗಿತ್ತು.

ಕಡೆಗೆ ಕೈಹಿಡಿದವರು ಅವಳು ಬಾಡಿಗೆಗಿದ್ದ ಪೀತಮ್‌ಪುರದ ಮನೆಯ ಒಡತಿ, ಹಾಸನದ ಇಂದಿರಮ್ಮ. ಸೀಗೆಪುಡಿ ಬಿಟ್ಟು ಬೇರೇನನ್ನೂ ತಲೆಗೆ ಮುಟ್ಟಿಸದ ಹೆಂಗಸು. ಬಾಚುವಾಗ ಉದುರಿದ ಕೂದಲನ್ನೂ ಬಿಸಾಡದೆ, ಬುಡಗಳನ್ನೆಲ್ಲ ಒಂದೇ ಕಡೆಗೆ ಜೋಡಿಸಿ, ಜಡೆಗೆ ಸೇರಿಸಿ ಹೆಣೆಯುವ ಚೌರಿಗೆಂದು ದಾರ ಕಟ್ಟಿ ಇಡುತ್ತಿದ್ದರು. ಇಡೀ ಕಟ್ಟನ್ನೇ ಕೊಟ್ಟುಬಿಟ್ಟರು.

ಇಷ್ಟು ಓದಿದ ಹುಡುಗಿ ಮಾಡಿದ್ದೇನು? ಬುಡದ ಗೆಡ್ಡೆಗಳನ್ನು ಕತ್ತರಿಸಿ ತೆಗೆದು, ತೊಳೆಯಲೆಂದು ದಾರ ಬಿಚ್ಚಿದಳು. ಬುಡ, ತುದಿ ಎಲ್ಲ ಕಲಸುಮೇಲೋಗರ. ಮೈಕ್ರೋಸ್ಕೋಪಿನಲ್ಲಿ ನೋಡಿ ಗುರುತಿಸೋಣವೆಂದರೆ ಮುಂದಿನ ವಾರದವರೆಗೂ ಸರದಿಯಿಲ್ಲ. ಗೈಡು ಕೊಟ್ಟ ಗಡುವು ನಾಳಿದ್ದು. ಕೂದಲ ತಟ್ಟೆ ಹಿಡಿದು ಇಂದಿರಮ್ಮನ ಅಡುಗೆಮನೆಯಲ್ಲಿ ಅತ್ತೇಬಿಟ್ಟಳು.

"ಬುಡ ಯಾಕೆ ಬೇಕೇ ನಿಂಗೆ?"

"ಬುಡದಲ್ಲಿ ಜೀವಕೋಶಗಳು ಮೈತುಂಬ ಕೆರಾಟಿನ್ ಅನ್ನೋ ಪ್ರೋಟೀನ್ ತುಂಬ್ಕೊಂಡು ಸಾಯ್ತವೆ, ಅಮ್ಮ. ಅದರ ಎಳೆಗಳು ಜಡೆ ಥರ ಹೆಣ್ಕೊಂಡಿರ್ತವೆ. ಗಂಧಕ ಅವನ್ನ ಗಂಟು ಹಾಕಿ ಹಿಡಿದಿರತ್ತೆ. ಬುಡ ಹೊಸದು, ತುದಿ ಹಳೇದು. ತುದೀಲಿ ಎಷ್ಟು ಗಂಟು ಉಳಿದಿದೆ ಅಂತ ನೋಡ್ಬೇಕು."

"ಅಚ್ಛಾ! ಇಷ್ಟಕ್ಕೆ ಅಳೋದಾ?" ಇಂದಿರಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಂದು ಕೂದಲೆತ್ತಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಮೆಲ್ಲಗೆ ಹೊಸೆದರು. ಕೂದಲು ತಾನಾಗಿಯೇ ಒಂದು ಕಡೆಗೆ ಸರಿಯಿತು. "ಸರಿದ ಕಡೆ ಬುಡ. ಚೌರಿ ಕಟ್ಟೋರು ಹೀಗೇ ನೋಡೋದು."

ಧಾರಿಣಿ ತಾನೂ ಒಂದು ಕೂದಲೆತ್ತಿ ಹೊಸೆದು ನೋಡಿದಳು. ಕೂದಲ ಮೇಲಿನ ಹುರುಪೆಗಳು ತುದಿಯ ಕಡೆಗೆ ಬಾಗಿರುತ್ತವೆ, ಅದಕ್ಕೇ ಕೂದಲು ಬುಡದ ಕಡೆಗೆ ಮಾತ್ರ ಸುಲಭವಾಗಿ ಜಾರುತ್ತದೆ ಎಂದು ಅವಳೇ ಎಷ್ಟೋ ಸಲ ಬರೆದಿದ್ದಳು. ಬೆರಳಿಗೆ ಮಾತ್ರ ಅದು ಗೊತ್ತಿರಲಿಲ್ಲ. ಸಂಜೆಯವರೆಗೆ ಇಬ್ಬರೂ ಎದುರುಬದುರು ಕೂತು ಇನ್ನೂರು ಕೂದಲು ಹೊಸೆದರು. ಅನ್ನ ಸೀದುಹೋಯಿತು, ಯಾರಿಗೂ ಬೇಸರವಾಗಲಿಲ್ಲ.

ಆರು ತಿಂಗಳಿಗೆ ಪ್ರಬಂಧ ಅಚ್ಚಾಗಿ ಬಂತು. ಕೃತಜ್ಞತೆಯ ಪುಟದಲ್ಲಿ ಗೈಡಿಗಿಂತ ಮೊದಲು ಇಂದಿರಮ್ಮನ ಹೆಸರು, ಕನ್ನಡದಲ್ಲೇ. ಅವರು ಕನ್ನಡಕ ಏರಿಸಿ ಎರಡು ಸಲ ಓದಿಕೊಂಡರು. ಕಣ್ಣು ತುಂಬಿತು.

"ಬೆರಳಿಗೆ ಇದನ್ನ ಕಲಿಸಿದ್ದು ನಮ್ಮಮ್ಮ ಕಣೇ. ಈ ಊರಲ್ಲಿ ಅವಳ ಹೆಸರು ಕೇಳಿದೋರೇ ಇಲ್ಲ."

"ಏನಮ್ಮ ಅವರ ಹೆಸರು?"

"ವೈಜಯಂತಿ."

ಧಾರಿಣಿ ಪೆನ್ನು ತೆಗೆದು ಇಂದಿರಮ್ಮನ ಹೆಸರಿಗಿಂತ ಮೇಲಿನ ಸಾಲಿನಲ್ಲಿ ಆ ಹೆಸರನ್ನು ಬರೆದಳು. ಉಳಿದ ನಾಲ್ಕು ಪ್ರತಿಗಳಲ್ಲೂ ಬರೆದು, ಆಮೇಲೆ ಲೈಬ್ರರಿಗೆ ಕೊಟ್ಟಳು.